225 ಕೆಜಿ ಹೊರೋದು ಯಾರು?

1/9

ಹೋದ ಸಲ ಹಾಸ್ಟೆಲ್ ಮೆಸ್ ಬಿಲ್ ಬಿಡಿಸಿ ನೋಡಿದ್ವಿ, ಅದಕ್ಕೂ ಮೊದಲು ಸೆಕೆಂಡ್ ಹ್ಯಾಂಡ್ ಸ್ಕೂಟರ್. ಈ ಸಲದ ಲೆಕ್ಕ ತುಂಬಾ ದೂರದ್ದು. ಅಲಾಸ್ಕಾದಲ್ಲಿ ಗೈಡ್ ಇಲ್ಲದೆ, ಮೊದಲ ಸಲ, ಹೊರರಾಜ್ಯದವನೊಬ್ಬ ಮೂಸ್ ಬೇಟೆಗೆ ಹೋಗಬೇಕಾದ್ರೆ ಏನೇನು ಬೇಕು? ಮಾಂಸದ ಮಾತು ಬೇಡ ಅನ್ನೋರು ಇಲ್ಲಿಗೇ ಮುಂದೆ ಹೋಗಿ, ನನಗೇನೂ ಬೇಜಾರಿಲ್ಲ.

ಹೊರರಾಜ್ಯದವನು ಅಂದ್ರೆ ನಮ್ಮ ಅಣ್ಣ, ದೊಡ್ಡಪ್ಪನ ಮಗ. ಸಿಯಾಟಲ್‌ನಲ್ಲಿ ಕೆಲಸ, ಈಗ ಅಮೆರಿಕದ ಪ್ರಜೆ. ನಾವು ಕೊಡಗಿನವರು, ಕೊಡವರು. ನಮ್ಮ ಮನೆಗಳಲ್ಲಿ ಬಂದೂಕು ಇರತ್ತೆ ಅಂತ ನಿಮಗೆ ಗೊತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರೋ ವಿನಾಯಿತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ, ಅಂದ್ರೆ 2029ರವರೆಗೆ ಮುಂದುವರಿಸಿದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್‌ಗೆ ಬಂದೂಕು ತೊಳೆದು, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತೀವಿ. ಆಮೇಲೆ ಗುಂಡು ಹೊಡೆಯೋದು ತೆಂಗಿನಕಾಯಿಗೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಇಲ್ಲ, ಇರಲೂ ಬಾರದು. ಅದರ ಬಗ್ಗೆ ನನಗೆ ಎರಡು ಮಾತಿಲ್ಲ.

ಅಣ್ಣನಿಗೆ ತೆಂಗಿನಕಾಯಿಗೆ ಗುರಿ ಇಡೋದನ್ನ ಕಲಿಸಿದ್ದು ದೊಡ್ಡಪ್ಪ. ದೊಡ್ಡಪ್ಪ ಹೋದ ವರ್ಷ ತೀರಿಕೊಂಡ್ರು. ಅದಾದ ಮೇಲೆ ಅಣ್ಣನ ತಲೆಯಲ್ಲಿ ಇದೊಂದೇ: ಕಾನೂನು ಒಪ್ಪೋ ಜಾಗದಲ್ಲಿ, ಒಂದು ಸಲ, ಸರಿಯಾಗಿ ಬೇಟೆಗೆ ಹೋಗಬೇಕು. ಹತ್ತು ದಿನ ರಜೆ ಸಿಕ್ಕಿದೆ, ಸೆಪ್ಟೆಂಬರ್‌ನಲ್ಲಿ ಒಬ್ಬನೇ ಹೋಗ್ತೀನಿ ಅಂದ. "ನೀನು ಬಿಕಾಂ ಓದ್ತಿದ್ದೀಯಲ್ಲ, ಒಂದು ಕಾಸ್ಟ್ ಶೀಟ್ ಮಾಡಿಕೊಡು" ಅಂತ ನನಗೆ ಹೇಳಿದ.

2/9

ಮೊದಲು ಪ್ರಾಣಿ ಯಾವುದು ಅಂತ ತಿಳ್ಕೊಳಿ. ಮೂಸ್ ಅಂದ್ರೆ ಜಿಂಕೆ ಕುಟುಂಬದಲ್ಲೇ ಅತಿ ದೊಡ್ಡದು. ಅದರಲ್ಲೂ ಅಲಾಸ್ಕಾದ್ದು ಎಲ್ಲಕ್ಕಿಂತ ದೊಡ್ಡದು. ಬೆಳೆದ ಗಂಡು 545ರಿಂದ 725 ಕೆಜಿ ತೂಗತ್ತೆ, ಭುಜದ ಎತ್ತರವೇ ಹತ್ತಿರ ಹತ್ತಿರ ಆರಡಿ. ನಾಗರಹೊಳೆ ದಾರಿಯಲ್ಲಿ ದೊಡ್ಡ ಗಂಡು ಕಡವೆ ನೋಡಿ "ಅಬ್ಬಾ" ಅಂದಿದ್ದೀರಲ್ಲ, ಅದರ ಎರಡು ಪಟ್ಟಿಗಿಂತ ಹೆಚ್ಚು. ಕೊಂಬು ಕಡವೆಯದ್ದರ ಹಾಗೆ ಕಡ್ಡಿ ಕಡ್ಡಿಯಾಗಿ ಅಲ್ಲ, ಅಂಗೈ ಬಿಚ್ಚಿದ ಹಾಗೆ ಅಗಲವಾಗಿ ಹರಡಿಕೊಳ್ಳತ್ತೆ.

ಸಿಯಾಟಲ್ ಇರೋ ವಾಷಿಂಗ್ಟನ್ ರಾಜ್ಯದಲ್ಲೂ ಮೂಸ್ ಇದೆ. ಆದ್ರೆ ಅಲ್ಲಿ ಪರ್ಮಿಟ್ ಲಾಟರಿಯಲ್ಲಿ ಬರಬೇಕು, ಅದೂ ಜೀವನದಲ್ಲಿ ಒಂದೇ ಸಲ. ಅಲಾಸ್ಕಾದಲ್ಲಿ 1,75,000ಕ್ಕೂ ಹೆಚ್ಚು ಮೂಸ್ ಇವೆ ಅಂತ ಅಂದಾಜು. ಅಲ್ಲಿ ಲಾಟರಿ ಇರೋ ಪ್ರದೇಶಗಳೂ ಇವೆ, ಲಾಟರಿ ಇಲ್ಲದೆ ಹೊರರಾಜ್ಯದವರಿಗೂ ತೆರೆದಿರೋ ಪ್ರದೇಶಗಳೂ ಇವೆ. ಸಿಯಾಟಲ್‌ನಿಂದ ಆಂಕರೇಜ್‌ಗೆ ಮೂರೂವರೆ ಗಂಟೆ ವಿಮಾನ. ಹಾಗಾಗಿ ಅಲಾಸ್ಕಾ.

"ನೀನೂ ಬಾ" ಅಂದ ಅಣ್ಣ. ಇಲ್ಲಿ ಒಂದು ನಿಯಮ ನೋಡಿ. ಅಲಾಸ್ಕಾದವರಲ್ಲದ ಅಮೆರಿಕದ ಪ್ರಜೆ ಕಂದು ಕರಡಿ, ಡಾಲ್ ಕುರಿ, ಬೆಟ್ಟದ ಮೇಕೆ ಈ ಮೂರಕ್ಕೆ ಮಾತ್ರ ಗೈಡ್ ಜೊತೆ ಹೋಗಬೇಕು (ಆ ರಾಜ್ಯದಲ್ಲೇ ಇರೋ ಹತ್ತಿರದ ರಕ್ತಸಂಬಂಧಿ ಜೊತೆಗಿದ್ರೂ ನಡೆಯತ್ತೆ). ಮೂಸ್‌ಗೆ ಗೈಡ್ ಬೇಡ. ಆದ್ರೆ ಮಡಿಕೇರಿಯಲ್ಲಿ ಕೂತಿರೋ, ಭಾರತದ ಪಾಸ್‌ಪೋರ್ಟಿನ ನನ್ನಂಥವರು ಅಲ್ಲಿ ಯಾವುದೇ ದೊಡ್ಡ ಬೇಟೆಗೆ ಹೋದ್ರೂ ಲೈಸೆನ್ಸ್ ಇರೋ ಗೈಡ್ ಕಡ್ಡಾಯ. ಗೈಡ್ ಜೊತೆಗಿನ ಮೂಸ್ ಬೇಟೆ 20 ಸಾವಿರ ಡಾಲರ್ ದಾಟೋದು ಮಾಮೂಲು. ಬಂದೂಕು ಮುಟ್ಟದೆ ಬರೀ ಹೊರೆ ಹೊರೋಕೆ ಹೋಗಬಹುದಿತ್ತು, ಆದ್ರೆ ವೀಸಾ, ಟಿಕೆಟ್, ಇಂಟರ್ನಲ್ಸ್. ಆಗಲ್ಲ. ಒಂದೇ ಅಜ್ಜನ ಮೊಮ್ಮಕ್ಕಳು ನಾವಿಬ್ಬರು, ಅಲ್ಲಿಯ ಪುಸ್ತಕದಲ್ಲಿ ಎರಡು ಬೇರೆ ಕಾಲಂ.

ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಎಕ್ಸೆಲ್ ಶೀಟ್.

3/9

ಮೊದಲ ಸಾಲುಗಳು ಸುಲಭ. ಹೊರರಾಜ್ಯದವರ ವಾರ್ಷಿಕ ಬೇಟೆ ಲೈಸೆನ್ಸ್ 160 ಡಾಲರ್. ಮೂಸ್ ಟ್ಯಾಗ್ 800 ಡಾಲರ್. ಒಟ್ಟು 960. ಟ್ಯಾಗ್ ಅಂದ್ರೆ ಲೋಹದ ಒಂದು ಬೀಗದ ಪಟ್ಟಿ, ಪ್ರಾಣಿ ಬಿದ್ದ ಕೂಡಲೇ ಅದಕ್ಕೆ ಹಾಕಿ ಬಿಗಿಯಬೇಕು. ಇದರ ಜೊತೆ ಹಾರ್ವೆಸ್ಟ್ ಟಿಕೆಟ್ ಅಂತ ಒಂದಿದೆ, ಅದು ಉಚಿತ. ಆದ್ರೆ ಬೇಟೆ ಆದ ಮೇಲೆ, ಆಗದಿದ್ರೆ ಸೀಸನ್ ಮುಗಿದ ಮೇಲೆ, 15 ದಿನದೊಳಗೆ ವರದಿ ಕೊಡಬೇಕು. ಖಾಲಿ ಕೈಯಲ್ಲಿ ಬಂದವರೂ ಕೊಡಬೇಕು.

ನಮ್ಮ ಕ್ಲಾಸಿನವರಿಗೆ ಇಷ್ಟ ಆಗೋ ವಿಷಯ ಒಂದಿದೆ. ಈ ದುಡ್ಡು ಎಲ್ಲಿಗೆ ಹೋಗತ್ತೆ? ಅಮೆರಿಕದಲ್ಲಿ 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಅಂತ ಬಂತು. ಬೇಟೆ ಬಂದೂಕು ಮತ್ತು ಗುಂಡುಗಳ ಮೇಲಿನ 11% ಅಬಕಾರಿ ತೆರಿಗೆ ನೇರವಾಗಿ ವನ್ಯಜೀವಿ ಕೆಲಸಕ್ಕೆ. ಒಂದು ಕೆಲಸಕ್ಕೆ 100 ಡಾಲರ್ ಖರ್ಚಾದ್ರೆ 75ರವರೆಗೆ ಕೇಂದ್ರದಿಂದ, ಉಳಿದ 25 ರಾಜ್ಯ ಹಾಕಬೇಕು. ಆ 25 ಬರೋದು ಮುಖ್ಯವಾಗಿ ಲೈಸೆನ್ಸ್, ಟ್ಯಾಗ್ ಹಣದಿಂದ. ಇನ್ನೊಂದು ಷರತ್ತು: ಲೈಸೆನ್ಸ್ ಹಣವನ್ನ ರಾಜ್ಯ ಬೇರೆ ಕೆಲಸಕ್ಕೆ ತಿರುಗಿಸೋ ಹಾಗಿಲ್ಲ. ರಸ್ತೆಗೂ ಇಲ್ಲ, ಸಂಬಳ ಬಾಕಿಗೂ ಇಲ್ಲ. ಪಬ್ಲಿಕ್ ಫೈನಾನ್ಸ್ ಪೇಪರಿಗೆ ಉದಾಹರಣೆ ಬೇಕಿದ್ರೆ ಇದನ್ನ ಇಟ್ಕೊಳಿ.

ಆದ್ರೆ 960 ನೋಡಿ "ಓ, ಇಷ್ಟೇನಾ" ಅಂದುಕೊಳ್ಳಬೇಡಿ. ಅಲಾಸ್ಕಾದ ಬಹುಪಾಲು ಜಾಗಕ್ಕೆ ರಸ್ತೆಯೇ ಇಲ್ಲ. ರಸ್ತೆ ಪಕ್ಕದ ಜಾಗಗಳಲ್ಲಿ ಜನ ಜಾಸ್ತಿ. ಹಾಗಾಗಿ ಸೂಪರ್ ಕಬ್, ಬೀವರ್ ಅನ್ನೋ ಪುಟ್ಟ ವಿಮಾನಗಳಲ್ಲಿ ಹೋಗಿ ಕೆರೆಯಲ್ಲೋ, ನದಿಯ ಜಲ್ಲಿ ದಿಬ್ಬದ ಮೇಲೋ ಇಳೀಬೇಕು. ಪೈಲಟ್ ಇಳಿಸಿ ಹೋಗ್ತಾನೆ, ಹೇಳಿದ ದಿನ ಬಂದು ಕರ್ಕೊಂಡು ಹೋಗ್ತಾನೆ. ನಡುವೆ ನೀವು, ಟೆಂಟು, ಮಳೆ. ಅಣ್ಣನಿಗೆ ಬಂದ ವಿಮಾನದ ಕೊಟೇಶನ್ ಲೈಸೆನ್ಸ್, ಟ್ಯಾಗ್ ಎರಡೂ ಸೇರಿದ ಮೊತ್ತದ ಹಲವು ಪಟ್ಟು ಇತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ಮಾಂಸ ತರೋ ಟ್ರಿಪ್‌ಗಳಿಗೆ ಬೇರೆ ಚಾರ್ಜು.

ಆ ಸಣ್ಣಕ್ಷರದ ಸಾಲೇ ಈ ಸರಣಿಯ ವಿಷಯ. ಅಲ್ಲಿಗೆ ಬರೋಣ, ಮೊದಲು ನಿಯಮದ ಪುಸ್ತಕ ಮುಗಿಸಿ.

4/9

ಅಲಾಸ್ಕಾವನ್ನ ಬೇಟೆಗಾಗಿ 26 ಯೂನಿಟ್‌ಗಳಾಗಿ ಹಂಚಿದ್ದಾರೆ, ಅವುಗಳೊಳಗೆ ಉಪಯೂನಿಟ್‌ಗಳು. ಪ್ರತಿಯೊಂದಕ್ಕೂ ದಿನಾಂಕ ಬೇರೆ, ಷರತ್ತು ಬೇರೆ. ನಿಯಮದ ಪುಸ್ತಕ ಜುಲೈ 1ರಿಂದ ಜೂನ್ 30ರವರೆಗೆ, ನಮ್ಮ ಅಕಾಡೆಮಿಕ್ ವರ್ಷದ ಹಾಗೇ. ಹೋದ ವರ್ಷದ ಪುಸ್ತಕ ಓದ್ಕೊಂಡು ಈ ವರ್ಷ ಹೋದ್ರೆ ಹಳೇ ಸಿಲಬಸ್ ಓದಿ ಪರೀಕ್ಷೆಗೆ ಕೂತ ಹಾಗೆ.

ಅಣ್ಣನ ಕಣ್ಣು ಬಿದ್ದಿದ್ದ ಪ್ರದೇಶದ ಷರತ್ತು ಇದು, ಬೇರೆ ಎಷ್ಟೋ ಕಡೆ ಹೊರರಾಜ್ಯದವರಿಗೆ ಇದೇ ಥರ ಇದೆ: ಗಂಡೇ ಆಗಿರಬೇಕು. ಕೊಂಬಿನ ಈ ತುದಿಯಿಂದ ಆ ತುದಿಗೆ 50 ಇಂಚು ಅಗಲ ಇರಬೇಕು, ಇಲ್ಲದಿದ್ರೆ ಹಣೆಯ ಮುಂದಕ್ಕೆ ಚಾಚೋ ಕವಲುಗಳು ಒಂದು ಪಕ್ಕದಲ್ಲಾದ್ರೂ ನಾಲ್ಕು ಇರಬೇಕು. ಕೆಲವು ಕಡೆ ಮೂರು ಸಾಕು. 50 ಇಂಚು ಅಂದ್ರೆ 127 ಸೆಂಟಿಮೀಟರ್. ಟೇಪ್ ಹಿಡಿದು ಅಳೆಯೋಕೆ ಆಗಲ್ಲವಲ್ಲ, ದೂರದಿಂದ ಅಂದಾಜು ಮಾಡಬೇಕು. ಮೂಸ್‌ನ ಎರಡು ಕಣ್ಣುಗಳ ನಡುವೆ ಸುಮಾರು 10 ಇಂಚು, ಅದನ್ನೇ ಅಳತೆಗೋಲು ಮಾಡಿಕೊಳ್ತಾರೆ. 48 ಇಂಚಿನದ್ದನ್ನ ಹೊಡೆದ್ರೆ ಅದು ಅಪರಾಧ, ಮಾಂಸವೂ ಹೋಯ್ತು. ಈ ಅಂದಾಜು ಕಲಿಸೋಕೆ ಅಲ್ಲಿಯ ಮೀನು ಮತ್ತು ಬೇಟೆ ಇಲಾಖೆ ವಿಡಿಯೋನೇ ಮಾಡಿದೆ. ಅಣ್ಣ ಅದನ್ನ ಎಷ್ಟು ಸಲ ನೋಡಿದ್ದಾನೋ, ಅತ್ತಿಗೆಗೂ ಈಗ ಕವಲು ಎಣಿಸೋಕೆ ಬರತ್ತೆ.

ಇನ್ನೊಂದು ನಿಯಮ ನನಗೆ ತುಂಬಾ ಹಿಡಿಸಿತು. ಸಣ್ಣ ವಿಮಾನದಲ್ಲಿ ಹಾರಿದ ದಿನ ಬೇಟೆ ಇಲ್ಲ. ಮರುದಿನ ಬೆಳಗಿನ ಜಾವ 3 ಗಂಟೆ ಕಳೆದ ಮೇಲೇ ಮೂಸ್ ಹೊಡೆಯಬಹುದು. ಯಾಕೆ? ಮೇಲಿಂದ ನೋಡಿ, ಪಕ್ಕದಲ್ಲಿ ಇಳಿದು, ಹೊಡೆದು ಹೋಗಬಾರದು ಅಂತ. ಡ್ರೋನ್‌ನಲ್ಲಿ ಹುಡುಕೋದೂ ಇಲ್ಲ. ಪ್ರಾಣಿಗೆ ಒಂದು ರಾತ್ರಿಯ ಅವಕಾಶ.

ಇಷ್ಟು ಓದಿದಾಗ ನನಗನ್ನಿಸಿದ್ದು, ಈ ಪುಸ್ತಕದಲ್ಲಿ ಗುಂಡು ಹೊಡೆಯೋದರ ಬಗ್ಗೆ ಇರೋದು ಕಡಿಮೆ. ಹೆಚ್ಚು ಇರೋದು ಹೊಡೆಯಬಾರದ್ದರ ಬಗ್ಗೆ, ಮತ್ತು ಹೊಡೆದ ಮೇಲಿನ ಕೆಲಸದ ಬಗ್ಗೆ.

5/9

ಹೊಡೆದ ಮೇಲಿನ ಕೆಲಸ ಅಂದ್ರೆ ಮಾಂಸ.

725 ಕೆಜಿಯ ಒಂದು ಮೂಸ್‌ನಿಂದ ತಿನ್ನೋ ಮಾಂಸ ಸುಮಾರು 225 ಕೆಜಿ ಬರತ್ತೆ ಅಂತ ಲೆಕ್ಕ. ಅದಷ್ಟನ್ನೂ ತರೋದು ಅಲಾಸ್ಕಾದಲ್ಲಿ ಒಳ್ಳೆಯತನ ಅಲ್ಲ, ಕಾನೂನು. ಮುಂಗಾಲು, ಹಿಂಗಾಲು, ಬೆನ್ನಿನ ಮಾಂಸ, ಕತ್ತು, ಎದೆ, ಪಕ್ಕೆಲುಬಿನ ಮಾಂಸ, ಇದರಲ್ಲಿ ಯಾವುದನ್ನೂ ಬಿಟ್ಟು ಬರೋ ಹಾಗಿಲ್ಲ. ಕೆಲವು ಯೂನಿಟ್‌ಗಳಲ್ಲಿ ಕಾಲು, ಪಕ್ಕೆಲುಬುಗಳನ್ನ ಮೂಳೆ ಸಮೇತ ತರಬೇಕು, ಅಲ್ಲೇ ಬಿಡಿಸಿ ಹಗುರ ಮಾಡಿಕೊಳ್ಳೋ ಹಾಗಿಲ್ಲ. ಬಿಟ್ಟು ಬಂದ್ರೆ ದಂಡ ಮಾತ್ರ ಅಲ್ಲ, ಜೈಲೂ ಆಗಬಹುದು.

ಇನ್ನೊಂದು ಚಂದದ ನಿಯಮ: ಕೊಂಬು ಕೊನೆಗೆ. ಮಾಂಸಕ್ಕಿಂತ ಮೊದಲು ಕೊಂಬನ್ನ ಕಾಡಿನಿಂದ ಹೊರಗೆ ಸಾಗಿಸೋ ಹಾಗಿಲ್ಲ. ಕೊನೆಯ ಹೊರೆಯ ಜೊತೆ ಬರಬಹುದು, ಇಲ್ಲ ಅದರ ನಂತರ. ಫೋಟೋಕ್ಕೆ ಪೋಸ್ ಕೊಡೋ ವಸ್ತು ಕ್ಯೂನಲ್ಲಿ ಕಟ್ಟಕಡೆಗೆ.

ನಮ್ಮ ಹಿರಿಯರು ಹೇಳ್ತಿದ್ದ ಹಳೇ ಕಾಲದ ಮಾತು ನೆನಪಾಯ್ತು. ಬೇಟೆಗೆ ಹೋದವರಿಗೆಲ್ಲ ಪಾಲು, ನಾಯಿಗೂ ಪಾಲು. ಆಗ ಹತ್ತಾರು ಜನ ಸೇರಿ ಹೋಗ್ತಿದ್ರು, ಹೊರೋಕೆ ಹತ್ತಾರು ಹೆಗಲು ಇರ್ತಿತ್ತು. ಅಣ್ಣ ಪ್ಲಾನ್ ಮಾಡಿದ್ದು ಒಂದು ಹೆಗಲು ಇಟ್ಕೊಂಡು.

ಕ್ಲಾಸ್‌ಮೇಟ್ಸ್, ಕಂಟಿಂಜೆಂಟ್ ಲಯಬಿಲಿಟಿ ನೆನಪಿದ್ಯಾ? ಆಗಬಹುದು, ಆಗದೇ ಇರಬಹುದು, ಆದ್ರೆ ಆದ್ರೆ ದೊಡ್ಡದು. ಅದಕ್ಕೇ ಕಂಪನಿಗಳು ಬ್ಯಾಲೆನ್ಸ್ ಶೀಟಿನ ಕೆಳಗೆ ನೋಟ್ಸ್‌ನಲ್ಲಿ ಅದನ್ನ ಬರೀತಾರೆ. ಮೂಸ್ ಬೇಟೆಯೂ ಹಾಗೇ. ಖಾಲಿ ಕೈಯಲ್ಲಿ ಬಂದ್ರೆ ಖರ್ಚು ಫಿಕ್ಸೆಡ್: ಲೈಸೆನ್ಸ್, ಟ್ಯಾಗ್, ಟಿಕೆಟ್, ಒಂದು ಹೋಗಿ ಬರೋ ವಿಮಾನ, ಊಟ. ಗುಂಡು ತಾಗಿದ ಕ್ಷಣದಿಂದ ಹೊಸ ಖರ್ಚಿನ ಪಟ್ಟಿ ತೆರೆಯತ್ತೆ: ಮಾಂಸದ ಟ್ರಿಪ್‌ಗಳು, ಕಟ್ ಮಾಡಿ ಪ್ಯಾಕ್ ಮಾಡೋರ ಕೂಲಿ, ಫ್ರೀಜರ್, ಸಿಯಾಟಲ್‌ಗೆ ಸಾಗಣೆ. ಅಣ್ಣ ಕಳಿಸಿದ್ದ ಮೊದಲ ಪಟ್ಟಿಯಲ್ಲಿ ಇದು ಒಂದೂ ಇರಲಿಲ್ಲ. ಅಂದ್ರೆ ಅವನು ಬಜೆಟ್ ಮಾಡಿದ್ದು ಸೋಲಿಗೆ. ಗೆದ್ರೆ ದುಡ್ಡು ಸಾಲಲ್ಲ.

6/9

ದುಡ್ಡು ಹೇಗೋ ಹೊಂದಿಸಬಹುದು. ಬೆನ್ನು?

225 ಕೆಜಿ ಅಂದ್ರೆ ನಾಲ್ಕೂವರೆ ಮೂಟೆ ಕಾಫಿ. 50 ಕೆಜಿಯ ಮೂಟೆ ಕಣದಿಂದ ಜೀಪಿನವರೆಗೆ ಹೊತ್ತವರನ್ನ ನೋಡಿದ್ದೀರಲ್ಲ? ಅದು ಸಿಮೆಂಟಿನ ಕಣ, ಇಪ್ಪತ್ತು ಹೆಜ್ಜೆ. ಅಲಾಸ್ಕಾದ ನೆಲ ಹಾಗಲ್ಲ. ಎಷ್ಟೋ ಕಡೆ ಫುಟ್‌ಬಾಲ್ ಗಾತ್ರದ ಹುಲ್ಲಿನ ಗುಪ್ಪೆಗಳು, ನಡುನಡುವೆ ನೀರು ನಿಂತ ಹಳ್ಳ. ಗುಪ್ಪೆ ಮೇಲೆ ಕಾಲಿಟ್ರೆ ಜಾರತ್ತೆ, ನಡುವೆ ಇಟ್ರೆ ಹೂತುಕೊಳ್ಳತ್ತೆ. ಕೆಸರು ಗದ್ದೆಯಲ್ಲಿ ಮೂಟೆ ಹೊತ್ತು ನಡೆದ ಹಾಗೆ ಅಂದುಕೊಳ್ಳಿ.

ಒಂದು ಸಲಕ್ಕೆ 30 ಕೆಜಿ ಅಂತ ಇಟ್ಕೊಳೋಣ. ಬರೀ ಮಾಂಸಕ್ಕೇ ಎಂಟು ಟ್ರಿಪ್. ಮೂಳೆ, ಕೊನೆಗೆ ತಲೆ ಮತ್ತು ಕೊಂಬು ಸೇರಿಸಿದ್ರೆ ಹತ್ತು. ಈಗ ದೂರ ಹಾಕಿ ನೋಡಿ.

ಟೆಂಟಿನಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಹೊಡೆದ್ರೆ: ಹೋಗಿ ಬರೋಕೆ 3 ಕಿಮೀ, ಹತ್ತು ಸಲಕ್ಕೆ 30 ಕಿಮೀ. ಅದರಲ್ಲಿ 15 ಕಿಮೀ ಹೊರೆ ಸಮೇತ.

ನಾಲ್ಕು ಕಿಲೋಮೀಟರ್ ದೂರದಲ್ಲಿ ಹೊಡೆದ್ರೆ: ಒಟ್ಟು 80 ಕಿಮೀ, 40 ಹೊರೆ ಸಮೇತ.

ನಾಲ್ಕು ಕಿಲೋಮೀಟರ್ ನಮಗೆ ಏನೂ ಅಲ್ಲ, ಬಸ್ ತಪ್ಪಿದ್ರೆ ನಡೀತೀವಿ. ಅಲ್ಲಿ ಅದು 80 ಆಗತ್ತೆ. ಅನುಭವ ಇರೋ ಬೇಟೆಗಾರರು ಟೆಂಟಿನಿಂದ ಒಂದು ಮೈಲಿಗಿಂತ ಆಚೆ ಎಷ್ಟೇ ದೊಡ್ಡ ಮೂಸ್ ಕಂಡ್ರೂ ನೋಡಿ ಸುಮ್ಮನಾಗ್ತಾರೆ, ನೀರಿನಲ್ಲಿ ನಿಂತಿರೋದನ್ನ ಹೊಡೆಯಲ್ಲ. ಧೈರ್ಯ ಇಲ್ಲ ಅಂತ ಅಲ್ಲ, ಭಾಗಾಕಾರ ಬರತ್ತೆ ಅಂತ.

ಇದರ ಜೊತೆ ಮಾಂಸ ಕಾಯಲ್ಲ. ಅಷ್ಟು ದೊಡ್ಡ ಪ್ರಾಣಿಯ ಒಳಗಿನ ಬಿಸಿ ಬೇಗ ಇಳಿಯಲ್ಲ, ಚರ್ಮ ಬೇಗ ತೆಗೀಬೇಕು. ಗಾಳಿಯಾಡೋ ಬಟ್ಟೆ ಚೀಲಗಳಲ್ಲಿ ತುಂಬಿ, ನೆರಳಲ್ಲಿ, ಮಳೆ ತಾಗದ ಹಾಗೆ ನೇತುಹಾಕಬೇಕು. ಪ್ಲಾಸ್ಟಿಕ್‌ನಲ್ಲಿ ಕಟ್ಟಿದ್ರೆ ಕೆಡತ್ತೆ. ವಾಸನೆಗೆ ಕರಡಿ ಬರಬಹುದು, ಹಾಗಾಗಿ ಮಾಂಸ ಟೆಂಟಿನಿಂದ ದೂರ, ಆದ್ರೆ ಕಣ್ಣಿಗೆ ಕಾಣೋ ಹಾಗೆ. ಇದೆಲ್ಲ ಒಬ್ಬನೇ ಮಾಡಬೇಕು. ಹೊರೋಕೆ ಹೋದಾಗ ಮಾಂಸದ ಹತ್ತಿರ ಯಾರಿರ್ತಾರೆ?

7/9

ಆಮೇಲೆ ಕ್ಯಾಲೆಂಡರ್ ಹಾಕಿದೆ. ಶುರುವಿನಿಂದ ಅಲ್ಲ, ಕೊನೆಯಿಂದ.

ಹತ್ತನೇ ದಿನ: ಸಿಯಾಟಲ್‌ಗೆ ವಾಪಸ್.
ಒಂಬತ್ತನೇ ದಿನ: ಪುಟ್ಟ ವಿಮಾನ ಬಂದು ಎತ್ಕೊಂಡು ಹೋಗೋ ದಿನ.
ಎಂಟನೇ ದಿನ: ಹವಾಮಾನಕ್ಕೆ ಬಿಟ್ಟ ದಿನ. ಮೋಡ ಇಳಿದ್ರೆ ವಿಮಾನ ಬರಲ್ಲ. ಒಂದು ದಿನ ಬಿಡೋದೇ ಕಡಿಮೆ, ಎರಡು ಮೂರು ದಿನ ಹೆಚ್ಚುವರಿ ಊಟ ಇಟ್ಕೊಂಡು ಹೋಗ್ತಾರೆ.
ಒಂದನೇ ದಿನ: ಆಂಕರೇಜ್.
ಎರಡನೇ ದಿನ: ಕಾಡಿಗೆ ಹಾರಾಟ. ನಿಯಮದ ಪ್ರಕಾರ ಆ ದಿನ ಬೇಟೆ ಇಲ್ಲ.

ಉಳಿದದ್ದು 3ರಿಂದ 7, ಐದು ದಿನ. "ಐದು ದಿನ ಸಾಕಲ್ವಾ" ಅಂದ ಅಣ್ಣ.

ಈಗ ಕಳೀರಿ. ಒಬ್ಬನೇ ಚರ್ಮ ತೆಗೆದು, ತುಂಡು ಮಾಡಿ, ಚೀಲಕ್ಕೆ ತುಂಬೋಕೆ ಹತ್ತಿರ ಹತ್ತಿರ ಒಂದು ದಿನ. ಹತ್ತು ಹೊರೆ, ದಿನಕ್ಕೆ ಮೂರು ನಾಲ್ಕರಂತೆ ಮೂರು ದಿನ. ಒಟ್ಟು ನಾಲ್ಕು. ಏಳನೇ ದಿನ ಸಂಜೆಗೆ ಎಲ್ಲ ಟೆಂಟಿಗೆ ಬರಬೇಕಂದ್ರೆ ಮೂರನೇ ದಿನವೇ ಹೊಡೆದಿರಬೇಕು. ನಾಲ್ಕನೇ ದಿನ ಬೆಳಿಗ್ಗೆ 60 ಇಂಚಿನ ಕೊಂಬಿನ ಗಂಡು ಬಂದು ಎದುರು ನಿಂತ್ರೂ ಬಂದೂಕು ಎತ್ತೋ ಹಾಗಿಲ್ಲ, ಯಾಕಂದ್ರೆ ಅದನ್ನ ಹೊರಗೆ ತರೋಕೆ ಅಣ್ಣನ ಹತ್ತಿರ ದಿನ ಇಲ್ಲ.

ಹತ್ತು ದಿನದ ರಜೆಯಲ್ಲಿ ಬೇಟೆ ಇದ್ದದ್ದು ಒಂದೇ ದಿನ.

ಜೊತೆಗೆ ಇನ್ನೊಬ್ಬ ಇದ್ರೆ ಎಲ್ಲ ಕೆಲಸ ಎರಡು ದಿನದಲ್ಲಿ ಮುಗಿಯತ್ತೆ, ಹೊಡೆಯಬಹುದಾದ ದಿನ ಮೂರು ಆಗತ್ತೆ. ಇಬ್ಬರು ಇದ್ದು ರಜೆ 14 ದಿನ ಆದ್ರೆ ಏಳು ದಿನ. ಒಬ್ಬ ಮನುಷ್ಯ, ನಾಲ್ಕು ದಿನ, ಇಷ್ಟು ಸೇರಿಸಿದ್ದಕ್ಕೆ ಒಂದಿದ್ದದ್ದು ಏಳಾಯ್ತು.

ಈ ಶೀಟನ್ನ ಅಣ್ಣನಿಗೆ ಕಳಿಸಿದೆ. ಎರಡು ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

8/9

ಆ ಮೌನದ ದಿನಗಳಲ್ಲೇ ದೊಡ್ಡಮ್ಮ ಫೋನ್ ಮಾಡಿದ್ರು. ಅವರು ಊರಲ್ಲಿ ಒಬ್ಬರೇ ಇರೋದು. "ಮಗಳೇ, ಅವನು ಎಲ್ಲೋ ಕಾಡಿಗೆ ಹೋಗ್ತಾನಂತೆ. ಒಬ್ಬನೇನಾ?" ಅಂತ ಕೇಳಿದ್ರು. ಅಣ್ಣ ಅವರಿಗೆ "ಫ್ರೆಂಡ್ಸ್ ಜೊತೆ" ಅಂದಿದ್ದ ಅಂತ ಆಗ ಗೊತ್ತಾಯ್ತು. ಸುಳ್ಳು ಹೇಳೋಕೆ ನನಗೆ ಮನಸ್ಸಿಲ್ಲ, ಅಣ್ಣನ ವಿಷಯ ನಾನು ಹೇಳೋದೂ ಸರಿಯಲ್ಲ. "ದೊಡ್ಡಮ್ಮ, ಅದನ್ನ ಅಣ್ಣನೇ ನಿಮಗೆ ಹೇಳಬೇಕು. ಇವತ್ತೇ ಮಾತಾಡು ಅಂತೀನಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಾಯ್ತು ಬಿಡು" ಅಂದ್ರು.

ರಾತ್ರಿ ಅಣ್ಣನಿಗೆ ಕಾಲ್ ಮಾಡಿದೆ. ಸಿಟ್ಟಲ್ಲಿದ್ದ. "ಅಪ್ಪ ಯಾವಾಗಲೂ ಮುಂದಿನ ವರ್ಷ ಮುಂದಿನ ವರ್ಷ ಅಂತಿದ್ರು. ಸಿಯಾಟಲ್‌ಗೆ ಬರೋದನ್ನೂ ಹಾಗೇ ಅಂದ್ರು. ಬರಲೇ ಇಲ್ಲ. ನೀನು ನನಗೆ ಮುಂದಿನ ವರ್ಷ ಅಂತ ಹೇಳ್ತಿದ್ದೀಯಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಾನು ಹೇಳಿದ್ದು ಇಷ್ಟೇ: "ಅಣ್ಣ, ನೀನು ಹೋಗಬೇಡ ಅಂತ ನಾನು ಹೇಳ್ತಿಲ್ಲ. ಅರ್ಧ ಮಾಂಸ ಅಲ್ಲೇ ಕೊಳೆಯೋಕೆ ಬಿಟ್ಟು ಬಂದ್ರೆ ದೊಡ್ಡಪ್ಪ ಏನಂತಿದ್ರು, ಅದನ್ನ ನೀನೇ ಹೇಳು."

ಇನ್ನೊಂದು ಮಾತೂ ಹೇಳಿದೆ, ಇದು ಕೊಡಗಿನ ಫಾಲೋವರ್ಸ್‌ಗೆ ಅರ್ಥ ಆಗತ್ತೆ. ವೀಕೆಂಡ್ ಬಂದ್ರೆ ನಮ್ಮೂರಿಗೆ ಕಾರುಗಳು ಬರ್ತವೆ. ಜಲಪಾತದ ಹತ್ತಿರ ಬಾಟಲಿ, ಚಿಪ್ಸ್ ಕವರ್ ಬಿಟ್ಟು ಹೋಗ್ತಾರೆ. ನಾವು ಬೈಕೊಂಡು ಹೆಕ್ಕುತ್ತೀವಿ. ಅಲಾಸ್ಕಾದಲ್ಲಿ ಅಣ್ಣನೇ ಆ ಕಾರಿನವನು. ಅಲ್ಲಿಯ ಹಳ್ಳಿಗಳಲ್ಲಿ ಮೂಲನಿವಾಸಿ ಕುಟುಂಬಗಳೂ ಬೇರೆಯವರೂ ಮೂಸ್ ಮಾಂಸವನ್ನ ಚಳಿಗಾಲದ ಊಟಕ್ಕೆ ಅಂತ ನಂಬಿಕೊಂಡಿರ್ತಾರೆ. 1980ರ ಒಂದು ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ಜಮೀನಿನಲ್ಲಿ ಗ್ರಾಮೀಣ ನಿವಾಸಿಗಳ ಹೊಟ್ಟೆಪಾಡಿನ ಬೇಟೆಗೇ ಮೊದಲ ಆದ್ಯತೆ, ಕೆಲವು ಜಾಗಗಳು ಹೊರಗಿನವರಿಗೆ ಮುಚ್ಚಿರತ್ತೆ. ಅಲ್ಲಿಯವರ ಕಣ್ಣಲ್ಲಿ ಕೊಂಬು ಹೊತ್ತು ಮಾಂಸ ಬಿಟ್ಟು ಹೋಗೋ ಹೊರಗಿನವನು ಹೇಗೆ ಕಾಣ್ತಾನೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಷ್ಟೋ ಬೇಟೆಗಾರರು ತಮಗೆ ಬೇಕಾದಷ್ಟು ಇಟ್ಕೊಂಡು ಉಳಿದದ್ದನ್ನ ಹಳ್ಳಿಯವರಿಗೆ ಕೊಡ್ತಾರೆ. ಅದಕ್ಕೂ ಒಂದು ಹಸ್ತಾಂತರದ ಫಾರ್ಮ್ ಇದೆ, ಸಹಿ ಹಾಕಿ ಕೊಡಬೇಕು. ಕೊಡೋ ಮಾಂಸ ಚೊಕ್ಕವಾಗಿರಬೇಕು. ಕೆಟ್ಟಿದ್ದನ್ನ ಕೊಡೋದು ದಾನ ಅಲ್ಲ, ಕಸ ದಾಟಿಸೋದು.

ಅಣ್ಣ "ಆಯ್ತು, ಇಡ್ತೀನಿ" ಅಂತ ಫೋನ್ ಇಟ್ಟ.

9/9

ಮೂರು ದಿನ ಆದ ಮೇಲೆ ಶೀಟ್ ವಾಪಸ್ ಬಂತು. ಅಣ್ಣನೇ ತಿದ್ದಿದ್ದ. ವರ್ಷದ ಕಾಲಂನಲ್ಲಿ ಮುಂದಿನ ವರ್ಷ. ಜನ: ಎರಡು. ಆಫೀಸಿನ ಗೆಳೆಯನೊಬ್ಬ ಒಪ್ಪಿದ್ದಾನಂತೆ, ಅವನು ಮೊದಲು ಬೇರೆ ರಾಜ್ಯದಲ್ಲಿ ಎಲ್ಕ್ ಬೇಟೆಗೆ ಹೋಗಿದ್ದವನು. ರಜೆ: 14 ದಿನ. ಇಬ್ಬರಿಗೂ ಸೇರಿ ಒಂದೇ ಮೂಸ್, ಎರಡನೆಯದು ಕಂಡ್ರೂ ಇಲ್ಲ. ಟೆಂಟಿನಿಂದ ದೂರ: ಒಂದೂವರೆ ಕಿಮೀ, ಅದರ ಮುಂದೆ ಕೆಂಪಕ್ಷರದಲ್ಲಿ "ದಾಟಬಾರದು". ಊಟ: ಮೂರು ದಿನ ಹೆಚ್ಚಿಗೆ. ಸ್ಯಾಟಲೈಟ್ ಮೆಸೇಜ್ ಕಳಿಸೋ ಸಾಧನ, ಅದರ ತಿಂಗಳ ಚಾರ್ಜ್ ಸಮೇತ. ದಿನಾ ರಾತ್ರಿ ಮೆಸೇಜ್ ಹೋಗಬೇಕಾದ ನಂಬರ್‌ಗಳಲ್ಲಿ ಮೊದಲನೆಯದು ಅತ್ತಿಗೆಯದ್ದು, ಎರಡನೆಯದು ದೊಡ್ಡಮ್ಮನದ್ದು. ದೊಡ್ಡಮ್ಮನಿಗೆ ಎಲ್ಲ ಹೇಳಿದ್ದಾನೆ. ಬೈದ್ರಂತೆ. ಆಮೇಲೆ, ಹೋಗೋ ಮೊದಲು ಕಾಚಂಪುಳಿ ಬಾಟಲಿ ಕಳಿಸ್ತೀನಿ ಅಂದ್ರಂತೆ. ಮೂಸ್ ಮಾಂಸಕ್ಕೆ ಕಾಚಂಪುಳಿ ಹೇಗಿರತ್ತೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಶೀಟಿನ ಕೊನೆಯಲ್ಲಿ ಅವನೇ ಸೇರಿಸಿದ ಒಂದು ಸಾಲು ಇತ್ತು: "ಮೂಸ್ ಸಿಗದಿದ್ರೆ." ಅದರ ಮುಂದೆ ಮೊತ್ತ ಇಲ್ಲ. "ಪರವಾಗಿಲ್ಲ" ಅಂತ ಬರೆದಿದ್ದ.

ಈ ಸೆಪ್ಟೆಂಬರ್‌ನ ಹತ್ತು ದಿನದ ರಜೆಯಲ್ಲಿ ನಾಲ್ಕು ದಿನ ಮುಂದಕ್ಕೆ ಉಳಿಸಿ, ಆರು ದಿನ ಊರಿಗೆ ಬರ್ತಾನೆ. ಕೈಲ್ ಪೊಳ್ದ್‌ಗೆ. ದೊಡ್ಡಪ್ಪನ ಬಂದೂಕು ತೊಳೆಯೋರು ಈ ವರ್ಷ ಯಾರು ಅನ್ನೋ ಪ್ರಶ್ನೆ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ಈಗ ಶನಿವಾರ ಶನಿವಾರ ಸಿಯಾಟಲ್ ಹತ್ತಿರದ ಬೆಟ್ಟಗಳಲ್ಲಿ ಬೆನ್ನಿಗೆ ಅಕ್ಕಿ ಚೀಲ ಕಟ್ಕೊಂಡು ಹತ್ತಿ ಇಳೀತಾನೆ. ಮೊದಲ ವಾರ 15 ಕೆಜಿ. ಹೋದ ವಾರ 27. ಮೂರನೇ ಟ್ರಿಪ್‌ಗೆ ಮೊಣಕಾಲು ನಡುಗಿತಂತೆ. "ಇನ್ನೂ ಏಳು ಬಾಕಿ" ಅಂತ ಮೆಸೇಜ್ ಹಾಕಿದ್ದ.

ನಿಮ್ಮಲ್ಲಿ ಹೆಚ್ಚಿನವರು ಮೂಸ್ ಬೇಟೆಗೆ ಹೋಗಲ್ಲ, ನನಗೆ ಗೊತ್ತು. ಆದ್ರೆ ಟ್ರಿಪ್ಪೋ, ಅಂಗಡಿಯೋ, ಹಸು ಸಾಕೋದೋ, ಏನೋ ಒಂದು ಶುರು ಮಾಡ್ತೀರಿ. ಆಗ ಶೀಟ್ ತೆರೆದು ಮೊದಲ ಸಾಲಿಗೆ ಹೋಗಬೇಡಿ. ಅಂದುಕೊಂಡಿದ್ದು ಆಗೇ ಬಿಟ್ರೆ ಮರುದಿನ ಬೆಳಿಗ್ಗೆ ಏನು ಹೊರಬೇಕು, ಯಾರು ಹೊರ್ತಾರೆ, ಎಷ್ಟು ದಿನ ಬೇಕು, ಅದನ್ನ ಮೊದಲು ಬರೀರಿ. ಉಳಿದ ಸಾಲುಗಳನ್ನ ಅಲ್ಲಿಂದ ಮೇಲಕ್ಕೆ ತುಂಬಿಸ್ಕೊಂಡು ಬನ್ನಿ.

ಶೀಟ್ ಬೇಕಿದ್ದವರು ಮೆಸೇಜ್ ಮಾಡಿ, ಖಾಲಿ ಕಾಪಿ ಕಳಿಸ್ತೀನಿ. ಮುಂದಿನ ಲೆಕ್ಕ: ಒಂದು ಎಕರೆ ಕಾಫಿ ಕೊಯ್ಲಿಗೆ ನಿಜವಾಗಿ ಎಷ್ಟು ಬೀಳತ್ತೆ.

#ಲೆಕ್ಕದಪುಸ್ತಕ #ಕೊಡಗು #ಅಲಾಸ್ಕಾ #ಬಿಕಾಂಬದುಕು